ಮೂರನೆಯ ಗೋಲಿಗೆ ಕಾದ ಟೋಪಿ

“ಎರಡು! ಟಕರ್‌ದು ಎರಡನೇ ಗೋಲು!” ಅಪ್ಪ ಸೀಟಿನಿಂದ ಎದ್ದೇಬಿಟ್ಟರು. ಮಡಿಲಲ್ಲಿದ್ದ ಪಾಪ್‌ಕಾರ್ನ್ ಅರ್ಧ ನೆಲದ ಪಾಲಾಯಿತು.

ನಿಹಾರಿಕಾ ಏಳಲಿಲ್ಲ. ತಲೆಯ ಮೇಲಿದ್ದ ಹಳದಿ ಉಲ್ಲನ್ ಟೋಪಿಯನ್ನು ಎರಡೂ ಕೈಯಿಂದ ಕಿವಿಯವರೆಗೆ ಎಳೆದುಕೊಂಡಳು.

“ಯಾಕ ನಿಹಾ, ಥಂಡಿ ಆಗಾಕತ್ತೇತೇನು?” ಪಕ್ಕದಲ್ಲಿ ಕುಳಿತಿದ್ದ ದೇವೇಂದ್ರ ಅಂಕಲ್ ಕೇಳಿದರು. ಹುಬ್ಬಳ್ಳಿಯವರು, ಅಪ್ಪನ ಆಫೀಸಿನವರು. “ಆರು–ಎರಡರಾಗ ಸೋಲಾಕತ್ತೇವಿ. ನಿಮ್ಮಪ್ಪನ್ನ ನೋಡು, ಕಪ್ ಗೆದ್ದಂಗ ಕುಣ್ಯಾಕತ್ತಾನ!”

“ಸೋಲೋದು ನಮಗೇನ್ ನ್ಯೂ ಅಲ್ವಲ್ಲ, ಅಂಕಲ್.”

ನಿಜ, ಹೊಸದೇನಲ್ಲ. ಎಲ್ಕ್ ಗ್ರೋವ್ ಹೆರನ್ಸ್ ಎಂಬ ತಮ್ಮೂರಿನ ಈ ಐಸ್ ಹಾಕಿ ತಂಡ ಈ ಸೀಸನ್‌ನಲ್ಲಿ ನಲವತ್ತೇಳು ಪಂದ್ಯ ಆಡಿ ಏಳನ್ನು ಮಾತ್ರ ಗೆದ್ದಿತ್ತು. ಭಾನುವಾರ ಮಧ್ಯಾಹ್ನದ ಇವತ್ತಿನ ಪಂದ್ಯವೇ ಕೊನೆಯದು. ನೋಡಲು ಬಂದವರನ್ನು ಬೆರಳು ಮಡಚಿ ಎಣಿಸಿಬಿಡಬಹುದಿತ್ತು.

ಟೋಪಿ ವಸುಧಕ್ಕನದು. ಎಂಟನೇ ಕ್ಲಾಸಿನಲ್ಲಿ ಅವಳೇ ಹೆಣೆದದ್ದು. ಕಿವಿ ಮುಚ್ಚುವ ಒಂದು ಪಟ್ಟಿ ಇನ್ನೊಂದಕ್ಕಿಂತ ಉದ್ದ, ಎರಡರ ತುದಿಗೂ ಒಂದೊಂದು ದಾರ. ಒಬ್ಬನೇ ಆಟಗಾರ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದರೆ ಅದು ಹ್ಯಾಟ್ರಿಕ್. ಆಗ ನೋಡುತ್ತಿರುವವರೆಲ್ಲ ತಮ್ಮ ಟೋಪಿಗಳನ್ನು ಐಸ್ ಮೇಲೆ ಎಸೆಯುತ್ತಾರೆ. ಎಸೆದ ಟೋಪಿ ವಾಪಸ್ ಬರುವುದಿಲ್ಲ. ಆ ಒಂದು ಗಳಿಗೆಗಾಗಿ ಅಕ್ಕ ನಾಲ್ಕು ವರ್ಷ ಈ ಟೋಪಿ ಹಾಕಿಕೊಂಡು ಕಾದಿದ್ದಳು. ಹೆರನ್ಸ್‌ನವರು ಒಂದು ಸಲವೂ ಹ್ಯಾಟ್ರಿಕ್ ಹೊಡೆಯಲಿಲ್ಲ.

ಹೋದ ಆಗಸ್ಟ್‌ನಲ್ಲಿ ಅಕ್ಕ ಡೆಟ್ರಾಯಿಟ್‌ಗೆ ಕಾಲೇಜಿಗೆ ಹೊರಟಳು. ಕಾರು ಹತ್ತುವ ಮುಂಚೆ ಟೋಪಿಯನ್ನು ತಂಗಿಯ ತಲೆಗೆ ಹಾಕಿ, “ನನ್ನ ಬದಲು ನೀನೇ ಎಸೀಬೇಕು. ಪ್ರಾಮಿಸ್?” ಎಂದಿದ್ದಳು.

“ಪ್ರಾಮಿಸ್.”

ಅವತ್ತಿನಿಂದ ನಿಹಾರಿಕಾ ಅದನ್ನು ಒಗೆಯುವುದಕ್ಕೂ ಅಮ್ಮನ ಕೈಗೆ ಕೊಟ್ಟಿರಲಿಲ್ಲ. ಒಳಗೆ ಮೂಗಿಟ್ಟು ತುಂಬ ಹುಡುಕಿದರೆ ಈಗಲೂ ಅಕ್ಕನ ಶಾಂಪೂ ವಾಸನೆ ಸಿಗುತ್ತಿತ್ತು.

ಟಕರ್ ಮತ್ತೆ ಪಕ್ ಎಂಬ ಕಪ್ಪು ರಬ್ಬರ್ ಬಿಲ್ಲೆಯನ್ನು ಕೋಲಿನಿಂದ ತಳ್ಳಿಕೊಂಡು ನುಗ್ಗಿದ. ‘ಹೋಗಬಾರದು. ಒಳಗೆ ಹೋಗಬಾರದು,’ ಎಂದು ನಿಹಾರಿಕಾ ಕಣ್ಣು ಮುಚ್ಚಿದಳು.

ಟಣ್! ಪಕ್ ಗೋಲಿನ ಕಂಬಕ್ಕೆ ಬಡಿದು ಆಚೆ ಹಾರಿತು.

“ಅಯ್ಯೋ!” ಅಪ್ಪ ತಲೆ ಮೇಲೆ ಕೈ ಹೊತ್ತರು. ನಿಹಾರಿಕಾ ಉಸಿರು ಬಿಟ್ಟಳು. ಮರುಕ್ಷಣವೇ ಅವಳ ಮುಖ ಬಿಸಿಯಾಯಿತು. ತನ್ನದೇ ತಂಡದ ಗೋಲು ತಪ್ಪಲಿ ಎಂದು ತಾನೇ ಬೇಡಿಕೊಂಡಿದ್ದಳಲ್ಲ!

ಆಟ ಮುಗಿಯಲು ಎರಡೇ ನಿಮಿಷ ಇತ್ತು. ಯಾರೋ ಹೊಡೆದ ಪಕ್ ಗೋಲ್‌ಕೀಪರ್‌ನ ಪ್ಯಾಡಿಗೆ ತಗುಲಿ ಟಕರ್‌ನ ಕಾಲ ಬಳಿ ಬಂತು. ಅವನು ಅದನ್ನು ಸುಮ್ಮನೆ ಒಳಗೆ ತಳ್ಳಿದ.

ಮೂರು.

“ಹ್ಯಾಟ್ರಿಕ್!” ದೇವೇಂದ್ರ ಅಂಕಲ್ ಕ್ಯಾಪ್ ಕಿತ್ತು ಬೀಸಿ ಒಗೆದರು. ಅವರ ಬೋಳುತಲೆ ದೀಪದ ಬೆಳಕಿಗೆ ಮಿಂಚಿತು. ಅಲ್ಲೊಂದು ಇಲ್ಲೊಂದು ಟೋಪಿ ಗಾಜಿನ ಗೋಡೆ ದಾಟಿ ಐಸ್ ಮೇಲೆ ಬಿದ್ದವು.

ಅಪ್ಪ ಮಗಳನ್ನು ನೋಡಿದರು. “ನಿನ್ನಿಷ್ಟ, ಪುಟ್ಟಿ.”

ಅವಳು ಮೆಟ್ಟಿಲಿಳಿದು ಗಾಜಿನ ಹತ್ತಿರ ಓಡಿದಳು. ಯೋಚನೆ ಬರುವ ಮುಂಚೆಯೇ ಟೋಪಿ ತೆಗೆದು ಎಸೆದಳು. ಹಗುರವಾದ ಉಲ್ಲನ್, ಗಾಳಿಯಲ್ಲಿ ಅರಳಿಕೊಂಡು ಗಾಜಿಗೆ ಮೆತ್ತಗೆ ತಾಗಿ, ಅವಳ ಕಾಲ ಬಳಿಯೇ ಬಂದು ಬಿತ್ತು.

ಎಲ್ಲರೂ ಐಸ್ ಕಡೆ ನೋಡುತ್ತಿದ್ದರು. ಯಾರೂ ಅವಳನ್ನು ಗಮನಿಸಲಿಲ್ಲ. ಈಗ ಎತ್ತಿ ಜಾಕೆಟ್ ಜೇಬಿಗೆ ಹಾಕಿಕೊಂಡರೆ ಆಯಿತು. ಎಸೆದೆ ಅಂದರೆ ಸುಳ್ಳೂ ಅಲ್ಲ.

ಅವಳು ಟೋಪಿ ಎತ್ತಿಕೊಂಡಳು. ಒಂದು ಸಲ ಮೂಗಿಗೆ ಒತ್ತಿಕೊಂಡಳು.

ಆಮೇಲೆ ಅದನ್ನು ಬಿಗಿಯಾಗಿ ಸುತ್ತಿ ಉಂಡೆ ಮಾಡಿದಳು. ಬಿಚ್ಚಿಕೊಳ್ಳದಂತೆ ಎರಡು ದಾರಗಳನ್ನೂ ಬಿಗಿದು ಗಂಟು ಹಾಕಿದಳು. ಎರಡು ಹೆಜ್ಜೆ ಹಿಂದೆ ಸರಿದು, ಇದ್ದ ಬಲವನ್ನೆಲ್ಲ ಹಾಕಿ ಬೀಸಿದಳು. ಹಳದಿ ಉಂಡೆ ಗಾಜನ್ನು ದಾಟಿ, ಐಸ್ ಮೇಲೆ ಉರುಳುತ್ತಾ ಟಕರ್‌ನ ಸ್ಕೇಟ್ ಹತ್ತಿರ ಹೋಗಿ ನಿಂತಿತು.

ಒಬ್ಬ ಕೆಲಸಗಾರ ಬಂದು ಎಲ್ಲ ಟೋಪಿಗಳನ್ನೂ ಸಲಿಕೆಯಲ್ಲಿ ಗೋರಿ ದೊಡ್ಡ ಡಬ್ಬಿಗೆ ತುಂಬಿಕೊಂಡು ಹೋದ. ಹೆರನ್ಸ್ ಆರು–ಮೂರರಲ್ಲಿ ಸೋತಿತು.

ಪಾರ್ಕಿಂಗ್ ಲಾಟ್‌ನಲ್ಲಿ ಕಾರು ಹತ್ತುತ್ತಿದ್ದ ಹಾಗೆ ವಿಡಿಯೋ ಕಾಲ್ ಬಂತು.

“ನಿಹಾ! ನಾನು ಲೈವ್ ನೋಡ್ತಿದ್ದೆ! ಎರಡ್ಸಲ ಎಸೆದ್ಯಲ್ಲ!”

“ಹೌ ಡು ಯೂ ನೋ?”

“ಅಲ್ಲಿ ಜನ ಎಲ್ಲಿದ್ರೇ? ಕ್ಯಾಮೆರಾ ತಿರುಗಿದ್ರೆ ನೀನೊಬ್ಳೇ ಹಳದಿ ಹಿಡ್ಕೊಂಡು ನಿಂತಿದ್ದೆ.” ಅಕ್ಕ ನಕ್ಕಳು. ಆಮೇಲೆ ದನಿ ಸಣ್ಣಗಾಯಿತು. “ಮೊದಲನೇ ಸಲ ಕೆಳಗೆ ಬಿತ್ತಲ್ಲ, ಆಗ ಅಂದ್ಕೊಂಡೆ, ಇವಳು ಇಟ್ಕೋತಾಳೆ ಅಂತ.”

ನಿಹಾರಿಕಾ ಫೋನನ್ನು ಮುಖದ ಹತ್ತಿರ ತಂದಳು.

“ನಾನಾಗಿದ್ರೆ ಇಟ್ಕೋತಿದ್ದೆ ಕಣೇ,” ಎಂದಳು ಅಕ್ಕ. ಅಕ್ಕನ ಹಿಂದಿನ ಕಿಟಕಿಯಲ್ಲಿ ಆಗಲೇ ಬೆಳಕು ಇಳಿಯುತ್ತಿತ್ತು. ಡೆಟ್ರಾಯಿಟ್‌ನಲ್ಲಿ ಗಡಿಯಾರ ಒಂದು ಗಂಟೆ ಮುಂದೆ.

ಕಾಲ್ ಮುಗಿದ ಮೇಲೂ ನಿಹಾರಿಕಾ ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ಅಪ್ಪ ಕನ್ನಡಿಯಲ್ಲಿ ಅವಳನ್ನು ನೋಡಿದರು.

“ಕಿವಿ ಕೆಂಪಾಗಿದೆಯಲ್ಲೇ! ಹೀಟರ್ ಹಾಕ್ಲಾ?”

ನಿಹಾರಿಕಾ ಕಿವಿಗಳನ್ನು ಮುಟ್ಟಿ ನೋಡಿಕೊಂಡಳು. ಟೋಪಿ ಎಲ್ಲಿಯವರೆಗೆ ಇತ್ತು ಎಂಬುದು ಆ ಚಳಿಯಿಂದಲೇ ಬೆರಳಿಗೆ ಸರಿಯಾಗಿ ತಿಳಿಯುತ್ತಿತ್ತು. ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ.

“ಈಗ್ಲೇ ಬೇಡ, ಅಪ್ಪ,” ಎಂದಳು. “ಸ್ವಲ್ಪ ಹೊತ್ತು ಹೀಗೇ ಇರ್ಲಿ.”