ತೊಳೆದ ಬಟ್ಟೆಯ ಮೇಲೆ ಸಿಕ್ಕ ಕರಡಿಗೆ

ಫೆಬ್ರವರಿ ಹತ್ತು, ಸೋಮವಾರ, ಬೆಳಿಗ್ಗೆ ಹತ್ತೂಕಾಲು. ಚೇಳೂರು ಬಳಿಯ ಮಠವೊಂದರ ಮ್ಯಾನೇಜರ್ ಬಸವಪ್ರಭು ಗುಬ್ಬಿ ಠಾಣೆಗೆ ದೂರು ತಂದರು. ಭಾನುವಾರದ ಸಾಮೂಹಿಕ ಪೂಜೆಯಲ್ಲಿ ಭಕ್ತರು ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಅದರಲ್ಲೇ ದೃಷ್ಟಿ ನೆಟ್ಟು ಕುಳಿತಿದ್ದಾಗ, ಪಕ್ಕದಲ್ಲಿ ತೆಗೆದಿಟ್ಟಿದ್ದ, ಲಿಂಗವಿಡುವ ಹನ್ನೆರಡು ಬೆಳ್ಳಿ ಕರಡಿಗೆಗಳು ಮಾಯವಾಗಿದ್ದವು.

"ಯಾರ ಮೇಲಾದ್ರೂ ಅನುಮಾನ?" ಇನ್‌ಸ್ಪೆಕ್ಟರ್ ಮಾಲಿನಿ ಕೇಳಿದಳು.

"ಬೆಳ್ಳಿ ಪಾಲಿಶ್ ಮಾಡೋ ಸಾದಿಕ್. ನಿನ್ನೆ ಬೆಳಿಗ್ಗೆ ಮಠಕ್ಕೆ ಬಂದಿದ್ದ."

ಕಳ್ಳನ ಹೆಸರನ್ನೂ ಜೇಬಿನಲ್ಲಿಟ್ಟುಕೊಂಡು ಬರುವ ದೂರುದಾರರನ್ನು ಕಂಡರೆ ಮಾಲಿನಿಗೆ ಆಗುವುದಿಲ್ಲ. ಬಸವಪ್ರಭು ಜೊತೆ ಬಂದಿದ್ದ ಅವರ ಅಣ್ಣ ಮಹಾದೇವಯ್ಯ ಐವತ್ತೊಂದರ ಹೈಸ್ಕೂಲು ಮೇಷ್ಟ್ರು, ಊರೆಲ್ಲ ಗೌರವಿಸುವ ಮನುಷ್ಯ. ಅವರು ಕೈ ಚಾಚಿ ಅವಳ ಮೇಜಿನ ಟೀ ಎತ್ತಿ ಗಟಗಟ ಕುಡಿದುಬಿಟ್ಟರು. ಬಸವಪ್ರಭು ಏನೂ ಕಾಣದವರಂತೆ ದೂರಿಗೆ ಸಹಿ ಹಾಕಿದರು. ಮಾಲಿನಿ ಎಫ್‌ಐಆರ್ ದಾಖಲಿಸಿದಳು, ಜೊತೆಗೆ ಆ ಟೀಯನ್ನೂ ಮನಸ್ಸಿನಲ್ಲಿ ಬರೆದುಕೊಂಡಳು.

ಮಧ್ಯಾಹ್ನ ಹನ್ನೆರಡೂವರೆಗೆ ಗುಬ್ಬಿ ಪೇಟೆಯ ಸಾದಿಕ್ ಅಂಗಡಿಯಲ್ಲಿ ಪಂಚರ ಸಮ್ಮುಖದಲ್ಲಿ ಶೋಧ ನಡೆಯಿತು. ಕಾನ್‌ಸ್ಟೇಬಲ್ ತಿಪ್ಪಯ್ಯ ಸ್ಟೂಲ್ ಹತ್ತಿ, ಎಲ್ಲಕ್ಕಿಂತ ಮೇಲಿನ ಹಲಗೆಯಿಂದ ಒಂದು ಕರಡಿಗೆ ಇಳಿಸಿದ. ಸಾದಿಕ್ ಎರಡೂ ಕೈ ಮುಗಿದ.

"ಅಲ್ಲಾಹ್ ಮೇಲಾಣೆ, ನಾನಿಟ್ಟಿದ್ದಲ್ಲ ಮೇಡಂ."

ಅವನನ್ನು ಜೀಪು ಹತ್ತಿಸಿದರು. ಅದನ್ನು ನೋಡಲೆಂದೇ ಬಸವಪ್ರಭು ಎದುರು ಅಂಗಡಿಯ ಬಳಿ ನಿಂತಿದ್ದರು.

ಠಾಣೆಯಲ್ಲಿ ಪಂಚನಾಮೆ ಓದುತ್ತಾ ಮಾಲಿನಿ ಒಂದು ಸಾಲಿಗೆ ಬಂದು ನಿಂತಳು: ತೊಳೆದು ಮಡಿಸಿದ ಬಿಳಿ ಬಟ್ಟೆಯ ಮೇಲೆ ಕರಡಿಗೆ ಇತ್ತು. ಆ ಅಂಗಡಿಯಲ್ಲಿ ಬೇರೆ ಬಟ್ಟೆಗಳೆಲ್ಲ ಪಾಲಿಶ್ ಮೆತ್ತಿ ಕರ್ರಗಿದ್ದವು. ಕದ್ದ ಮಾಲನ್ನು ಯಾರಾದರೂ ಮಡಿಯಲ್ಲಿ ಇಡುತ್ತಾರೆಯೇ? ಇಟ್ಟವನು ಕರಡಿಗೆಯನ್ನು ಕೊಳಕಿನಲ್ಲಿ, ಕೆಳಗೆ ಇಡಲು ಮನಸ್ಸಾಗದವನು, ಲಿಂಗಧಾರಿ.

"ಸಾದಿಕ್, ನಿನ್ನೆ ಅಂಗಡಿಗೆ ಮಠದವರು ಯಾರು ಬಂದಿದ್ರು?"

"ಪ್ರಭು ಸಾರ್. ದೀಪ ಪಾಲಿಶ್‌ಗೆ ಕೊಟ್ರು. ನಾನು ನಮಾಜಿಗೆ ಹೋಗಿ ಬರೋವರ್ಗೂ ಅವ್ರೇ ಅಂಗಡಿ ನೋಡ್ಕೊಂಡಿದ್ರು, ಪಾಪ."

ಮಾಲಿನಿ ಆ 'ಪಾಪ' ಒಂದನ್ನು ಬಿಟ್ಟು ಉಳಿದದ್ದನ್ನು ಬರೆದುಕೊಂಡಳು, ಸರ್ಚ್ ವಾರಂಟ್‌ಗೆ ಅರ್ಜಿ ಹಾಕಿದಳು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ನಿಟ್ಟೂರಿನ ಅಣ್ಣತಮ್ಮಂದಿರ ಮನೆಗೆ ಹೋದಾಗ ಬಾಗಿಲು ತೆರೆದವಳು ಮಹಾದೇವಯ್ಯನವರ ಮಗಳು ದೀಪಿಕಾ. ವಾರಂಟ್ ತೋರಿಸುವ ಮೊದಲೇ ಅವಳು ಒಳಕೋಣೆಗೆ ಕರೆದೊಯ್ದಳು. ಕಿಟಕಿಯ ಕಟ್ಟೆಯಲ್ಲಿ ಹನ್ನೊಂದು ಕರಡಿಗೆಗಳು ಗೆರೆ ಎಳೆದಂತೆ ನಿಂತಿದ್ದವು. ಮೇಷ್ಟ್ರು ಅವನ್ನು ಎಣಿಸುತ್ತಿದ್ದರು, ಮುಗಿದರೆ ಮತ್ತೆ ಮೊದಲಿಂದ.

"ಅಪ್ಪನೇ ಎತ್ಕೊಂಡು ಬಂದಿದ್ದು. ಒಂದೂವರೆ ವರ್ಷದಿಂದ ಹಿಂಗೇ. ತಾತನೂ ಹಿಂಗೇ ಆಗಿದ್ರಂತೆ."

"ಯಾಕೆ ಹೇಳ್ಲಿಲ್ಲ?"

"ಕುಣಿಗಲ್‌ನೋರ ಜೊತೆ ನನ್ನ ನಿಶ್ಚಿತಾರ್ಥ ಆಗಿದೆ. ವಂಶದ ಕಾಯಿಲೆ ಅಂತ ಗೊತ್ತಾದ್ರೆ ಬಿಟ್ಟೋಗ್ತಾರೆ ಅಂದ್ರು ಚಿಕ್ಕಪ್ಪ. ಸಾದಿಕ್ ಅಣ್ಣನ್ನ ಹಿಡ್ಕೊಂಡೋದ್ರು ಅಂತ ಕೇಳಿ ನಿದ್ದೆ ಬರ್ಲಿಲ್ಲ. ಇಂಥ ಮದ್ವೆ ನಂಗೆ ಬೇಡ."

ಹನ್ನೊಂದೂ ನಲವತ್ತಕ್ಕೆ, ಸುಳ್ಳು ಸಾಕ್ಷ್ಯ ಸೃಷ್ಟಿಸಿದ ಆರೋಪದ ಮೇಲೆ ಬಸವಪ್ರಭು ಅವರನ್ನು ಬಂಧಿಸಲಾಯಿತು. ಅವರು ತುಮಕೂರಿನ ಆಸ್ಪತ್ರೆಯ ಎರಡು ಫೈಲುಗಳನ್ನು ಮೇಜಿನ ಮೇಲಿಟ್ಟರು. ಅಣ್ಣನದರಲ್ಲಿ ಮಿದುಳಿನ ಮುಂಭಾಗ ಸವೆಯುವ ಡಿಮೆನ್ಷಿಯಾ, ವಂಶಪಾರಂಪರ್ಯವಾಗಿ ಬಂದದ್ದು ಎಂದಿತ್ತು. ಈ ಕಾಯಿಲೆಯಲ್ಲಿ ಮರೆವಿಗಿಂತ ಮೊದಲೇ ನಾಚಿಕೆ, ಕನಿಕರ, ತಡೆದುಕೊಳ್ಳುವ ಶಕ್ತಿ ಹೋಗಬಹುದೆಂದು ಡಾಕ್ಟರು ಬರೆದಿದ್ದರು.

ಎರಡನೆಯ ಫೈಲಿನ ಮೇಲೆ ಬಸವಪ್ರಭು, ನಲವತ್ತಮೂರು ವರ್ಷ ಎಂದಿತ್ತು. ರಕ್ತದಲ್ಲಿ ಅದೇ ದೋಷ. ಸ್ಕ್ಯಾನಿನಲ್ಲಿ ಆರಂಭದ ಬದಲಾವಣೆಯ ಶಂಕೆ.

"ಭಕ್ತರು ದೂರು ಕೊಡಿ ಅಂತ ಪಟ್ಟು ಹಿಡಿದ್ರು, ಅಣ್ಣನ ಹೆಸ್ರು ಬರ್ಬಾರ್ದಿತ್ತು. ದೀಪಿಕಾಗೋಸ್ಕರ ಮಾಡ್ದೆ ಅಂತ ಬರ್ಕೊಳಿ," ಎಂದರು. "ಸಾದಿಕ್ ಇಪ್ಪತ್ತು ವರ್ಷದ ಸ್ನೇಹಿತ ಮೇಡಂ. ಅವ್ನ ಮಗಳು ಸೈಮಾ ಹುಟ್ಟೋ ಹೊತ್ತಿಗೆ ಅವ್ನ ಹೆಂಡ್ತೀನ ಆಸ್ಪತ್ರೆಗೆ ಕರ್ಕೊಂಡೋದವ್ನು ನಾನು. ನಿನ್ನೆ ನೀವು ಅವ್ನನ್ನ ಜೀಪಿಗೆ ಹತ್ತಿಸ್ದಾಗ ಎದುರಿಗೇ ನಿಂತಿದ್ದೆ. ಮನಸ್ಸಿಗೆ ಏನೂ ಆಗ್ಲಿಲ್ಲ. ಇದು ನಾನು ಮಾಡಿದ್ದೋ, ಕಾಯಿಲೆ ಮಾಡಿಸಿದ್ದೋ?"

ಹದಿನಾಲ್ಕು ವರ್ಷದ ನೌಕರಿಯಲ್ಲಿ ಮಾಲಿನಿಯನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಇದೂ ಒಂದು ನಾಟಕವೇ ಎಂದು ಅವರ ಮುಖವನ್ನೇ ನೋಡಿದಳು. ಗೊತ್ತಾಗಲಿಲ್ಲ.

"ಸಾದಿಕ್ ಹೊರಗೆ ಕೂತವ್ನೆ. ಬಿಟ್ಟು ಕಳಿಸ್ತಿದೀವಿ," ಎಂದಳು.

ಬಸವಪ್ರಭು ಎದ್ದು ಕಿಟಕಿಗೆ ಹೋದರು. ಜಗಲಿಯಲ್ಲಿ ಸಾದಿಕ್ ಹೆಂಡತಿಯ ಕೈ ಹಿಡಿದು ಬಿಕ್ಕುತ್ತಿದ್ದ. ಅವನನ್ನು ಬಹಳ ಹೊತ್ತು ನೋಡಿದರು.

"ಇಲ್ಲ ಮೇಡಂ. ಈಗ್ಲೂ ಏನೂ ಆಗ್ತಿಲ್ಲ," ಎಂದರು. ಆಮೇಲೆ ಭಯದಿಂದ ಅಳತೊಡಗಿದರು.