ಹೊಸ ಟೈರಿಗೆ ಹಳೇ ಕೆಸರು

ನಾಳೆ ಬೆಳಿಗ್ಗೆ ಹತ್ತಕ್ಕೆ ಟಪಾಲು ಕಚೇರಿಯ ಅಂಗಳದಲ್ಲಿ ತಪಾಸಣೆ. ಮೇಲಧಿಕಾರಿ ಟೈರಿನ ಗೀರಿನೊಳಗೆ ಒಂದು ನಾಣ್ಯ ಇಳಿಸಿ ನೋಡುತ್ತಾರೆ. ಅಂಚಿನ ಅಕ್ಷರಗಳು ಮುಳುಗದಿದ್ದರೆ ಆ ಸವಾರನಿಗೆ ಬೆಟ್ಟದ ದಾರಿಯ ಬಟವಾಡೆ ಕೈತಪ್ಪಿತು. ಹನ್ನೊಂದು ವರ್ಷ ಮೇಲಿನ ಹಳ್ಳಿಗಳಿಗೆ ಕಾಗದ ಮುಟ್ಟಿಸಿದ ಟಪಾಲಿನವನಿಗೆ ಕಚೇರಿಯಲ್ಲಿ ಕೂತು ಮುದ್ರೆ ಒತ್ತುವ ಕೆಲಸ ಕನಸಿನಲ್ಲೂ ಬೇಡ. ಆದರೆ ಅವನ ಬೈಕಿನ ಎರಡು ಟೈರುಗಳೂ ಬೋಳುತಲೆಯ ಹಾಗೆ ನುಣ್ಣಗಾಗಿದ್ದವು. ಊರಿನ ಅಂಗಡಿಯಲ್ಲಿ ಬೆಲೆ ಕೇಳಿ ಬರಿಗೈಯಲ್ಲಿ ವಾಪಸಾಗಿದ್ದ. ಗಡಿಯಾಚೆ ಅವೇ ಟೈರುಗಳು ಅರ್ಧ ಬೆಲೆಗೆ ಸಿಗುತ್ತಿದ್ದವು.

"ಬೆಳಕು ಹರಿಯೋಕೆ ಮುಂಚೆ ಹೊರಟ್ರೆ ಸಂಜೆಗೆ ಮನೆ," ಅಂದ ಭಾವ. ಹೆಂಡತಿಯ ಅಣ್ಣ, ಮೆಕ್ಯಾನಿಕ್. ತನ್ನ ಕೈಯಲ್ಲಿ ಹಾಕದ ಟೈರನ್ನು ಅವನು ನಂಬುವವನಲ್ಲ.

ಬೋಳು ಟೈರಿನಲ್ಲಿ ಇಬ್ಬರೂ ಜೀವ ಕೈಯಲ್ಲಿ ಹಿಡಿದು ಕಣಿವೆ ಇಳಿದರು. ಗಡಿಯ ಸುಂಕದ ಕಟ್ಟೆಯಲ್ಲಿ ಚೀಟಿ ಬರೆಸಿಕೊಂಡು ದಾಟಿದರು. ಆಚೆಯ ಪೇಟೆಯಲ್ಲಿ ಟೈರು ಕೊಂಡು, ಅಂಗಡಿಯ ಪಕ್ಕದ ಓಣಿಯಲ್ಲೇ ಭಾವ ಲಿವರ್ ಹಾಕಿ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದ. ಅಷ್ಟು ಹೊತ್ತು ಟಪಾಲಿನವ ಮಾತ್ರ ಕೆಂಡದ ಮೇಲೆ ನಿಂತವನಂತೆ ಚಡಪಡಿಸುತ್ತಿದ್ದ.

"ಭಾವ, ನೋಡಿ ಹೇಗೆ ಮಿಂಚ್ತಾ ಇದೆ! ಸುಂಕದವರು ಬಿಡ್ತಾರಾ? ಉಳಿಸಿದ್ದೆಲ್ಲ ಅಲ್ಲೇ ಸುರೀಬೇಕಾಗುತ್ತೆ."

"ಹಾಗಾದ್ರೆ ಹಳೇ ಕಾಡುದಾರಿ ಹಿಡಿಯೋಣ. ಗಡಿ ಒಂದು ಮೈಲಿ ಇದೆ ಅನ್ನುವಾಗ ಮತ್ತೆ ಟಾರು ರಸ್ತೆ ಸೇರುತ್ತೆ. ಅಷ್ಟರಲ್ಲಿ ಇವಕ್ಕೂ ವಯಸ್ಸಾಗಿರುತ್ತೆ ಬಿಡು."

ಮರ ಸಾಗಿಸುವ ಲಾರಿಗಳು ಬಿಟ್ಟುಹೋದ ದಾರಿ ಅದು. ಎರಡು ಗಾಲಿಗುರುತುಗಳ ನಡುವೆ ಸೊಂಟದೆತ್ತರ ಹುಲ್ಲು. ಮೇಲೆ ಕೊಂಬೆಗಳು ಹೆಣೆದುಕೊಂಡು ಮಧ್ಯಾಹ್ನದಲ್ಲೇ ಮಬ್ಬು ಕವಿದಿತ್ತು. ಬಿದ್ದ ಮರಗಳ ಮೇಲೆ ಹಾವಸೆ ದಪ್ಪನಾಗಿ ಬೆಳೆದು ಯಾವುದು ಮರ, ಯಾವುದು ಬಂಡೆ ಅಂತ ತಿಳಿಯುತ್ತಿರಲಿಲ್ಲ. ಎಲ್ಲೋ ದೂರದಲ್ಲಿ ಒಂದೇ ಸಮನೆ ಮೊರೆತ. ಗಾಳಿ ಅಂದುಕೊಂಡಿದ್ದರು, ಹತ್ತಿರ ಹೋದರೆ ಹೊಳೆ.

ಮೇಲೆಲ್ಲೋ ಮಳೆಯಾಗಿತ್ತು. ನೀರು ಕೆಂಪಗೆ ಉಕ್ಕುತ್ತಿತ್ತು.

"ವಾಪಸ್ ಹೋಗೋಣ್ವಾ ಭಾವ?"

"ಆರಕ್ಕೆ ಗಡಿ ಗೇಟು ಹಾಕ್ತಾರೆ. ವಾಪಸ್ ಹೋದ್ರೆ ನಾಳೆ ಮಧ್ಯಾಹ್ನ ಊರು. ಟಪಾಲು ಚೀಲ ಕಟ್ಟೋ ಹಗ್ಗ ತೆಗಿ."

ಬೈಕಿನ ಹಿಂಬದಿಗೆ ಹಗ್ಗ ಬಿಗಿದು ಇನ್ನೊಂದು ತುದಿಯನ್ನು ಭಾವ ಸೊಂಟಕ್ಕೆ ಸುತ್ತಿಕೊಂಡ. ಟಪಾಲಿನವ ಮೊದಲ ಗೇರಿನಲ್ಲಿ ನೀರಿಗಿಳಿದ.

ನೀರು ಮೊಣಕಾಲಿಗೆ ಬಂತು. ಎಂಜಿನ್ ಕೆಮ್ಮಿತು.

ನಡುಹೊಳೆಯಲ್ಲಿ ಮುಂಗಾಲಿಯಡಿಯ ಕಲ್ಲು ಉರುಳಿತು. ಬೈಕು ಓರೆಯಾಯಿತು. ಹಿಂದೆ ಭಾವನ ಕಾಲು ಜಾರಿ ತಲೆ ಮುಳುಗಿತು, ಹಗ್ಗ ಜಗ್ಗಿತು.

"ಭಾವಾ!"

ಟಪಾಲಿನವ ಹಲ್ಲು ಕಚ್ಚಿ ಆಕ್ಸಿಲರೇಟರ್ ಪೂರ್ತಿ ತಿರುವಿದ. ಹಿಂಗಾಲಿ ಗರಗರ ತಿರುಗಿ ಬಂಡೆ ಕಚ್ಚಿತು. ಬೆಳಗಿನ ಬೋಳು ಟೈರಾಗಿದ್ದರೆ ಇಬ್ಬರೂ ಕೊಚ್ಚಿಹೋಗುತ್ತಿದ್ದರು. ಹೊಸದು ಬಿಡಲಿಲ್ಲ. ಬೈಕು ಹಾರಿ ದಡಕ್ಕೆ ಬಂತು, ಹಗ್ಗದ ತುದಿಯಲ್ಲಿ ಭಾವನೂ ಬಂದ.

"ಟೈರು ಪರವಾಗಿಲ್ಲ," ಅಂದ ಭಾವ, ಬಾಯೊಳಗಿನ ನೀರು ಉಗಿದು.

ದಡದಲ್ಲಿ ಅಂಟು ಜೇಡಿಮಣ್ಣಿತ್ತು. ಇಬ್ಬರೂ ಕೂತು ಎರಡು ಟೈರಿಗೂ ಮಣ್ಣು ಮೆತ್ತಿ, ಗೀರುಗಳಿಗೆ ಹೆಬ್ಬೆರಳಿನಿಂದ ಒತ್ತಿ ತುಂಬಿದರು. ಹೊಸತನದ ಸುಳಿವೇ ಇರಲಿಲ್ಲ.

ಆರಕ್ಕೆ ಹತ್ತು ನಿಮಿಷವಿರುವಾಗ ಗಡಿ. ಸುಂಕದ ಅಧಿಕಾರಿ ಬೈಕಿಗೆ ಒಂದು ಸುತ್ತು ಬಂದು, ಹಿಂಗಾಲಿಯ ಬದಿಯಿಂದ ಒಂದಿಷ್ಟು ಮಣ್ಣು ಉಜ್ಜಿದ. ಬಿಳಿ ಬಣ್ಣದಲ್ಲಿ ಅಚ್ಚುಕಟ್ಟಾದ ಅಂಕಿಗಳು ಮೂಡಿದವು.

"ಇವತ್ತಿನ ತಾರೀಕು," ಅಂದ.

ಟಪಾಲಿನವ ಭಾವನತ್ತ ನೋಡಿದ. ಭಾವ ತಲೆ ತಗ್ಗಿಸಿದ. ಗಿರಾಕಿಗಳ ತಕರಾರಿಗೆ ಉತ್ತರವಿರಲಿ ಅಂತ, ಹಾಕಿದ ಪ್ರತಿ ಟೈರಿನ ಮೇಲೂ ಅಂದಿನ ತಾರೀಕು ಬರೆಯುವುದು ಅವನ ಇಪ್ಪತ್ತು ವರ್ಷದ ಅಭ್ಯಾಸ. ಓಣಿಯಲ್ಲೂ ಕೈ ತನ್ನಷ್ಟಕ್ಕೆ ಬರೆದುಬಿಟ್ಟಿತ್ತು.

"ಎಷ್ಟು ಕಟ್ಟಬೇಕು ಸಾರ್?" ಟಪಾಲಿನವ ಜೇಬಿಗೆ ಕೈ ಹಾಕಿದ.

"ಯಾತಕ್ಕೆ? ಟೈರನ್ನ ಹೊತ್ಕೊಂಡು ಬಂದ್ರೆ ಸುಂಕ. ಗಾಲಿಗೆ ಹಾಕಿದ್ರೆ ಇಲ್ಲ. ಬೋರ್ಡಲ್ಲಿ ಬರೆದಿದೆಯಲ್ರೀ, ಬೆಳಿಗ್ಗೆ ಓದಲಿಲ್ವಾ?"

ಬೋರ್ಡು ಆಳೆತ್ತರವಿತ್ತು. ಊರಿನವರ ಕೋಳಿಕಾಲು ಅಕ್ಷರದ ವಿಳಾಸವನ್ನೆಲ್ಲ ಓದಬಲ್ಲವನು ಅದನ್ನು ಓದಿರಲಿಲ್ಲ.

ಮರುದಿನ ಹತ್ತಕ್ಕೆ ಮೇಲಧಿಕಾರಿ ನಾಣ್ಯ ಇಳಿಸಿದರು. ಅಕ್ಷರಗಳು ಮುಳುಗುವ ಮೊದಲೇ ಅದು ನಿಂತಿತು. ಇನ್ನೊಂದು ಗೀರಿನಲ್ಲೂ ಅಷ್ಟೇ. ರಾತ್ರಿಯೆಲ್ಲ ಒಣಗಿದ ಜೇಡಿಮಣ್ಣು ಕಲ್ಲಾಗಿತ್ತು. ಅವರು ಪೆನ್ನು ತೆಗೆದರು. ಟಪಾಲಿನವನಿಗೆ ಹೊಳೆಯ ನಡುವೆಯೂ ಆಗದಷ್ಟು ಭಯವಾಯಿತು.

"ಒಂದ್ನಿಮಿಷ ಸಾರ್!"

ಅಂಗಳದ ಮಣ್ಣಿನಲ್ಲಿ ಮಂಡಿಯೂರಿ, ಬೀಗದ ಕೈಯಿಂದ ಗೀರು ಕೆದಕಿದ. ಮಣ್ಣು ಉದುರಿತು. ನಾಣ್ಯ ಮತ್ತೆ ಇಳಿಯಿತು. ಅಕ್ಷರಗಳು ಮುಳುಗಿದವು, ಮೇಲಿನ ಚಿತ್ರವೂ ಅರ್ಧ ಮುಳುಗಿತು.

"ಈ ತಾರೀಕು ಏನಿದು?" ಕೇಳಿದರು ಅಧಿಕಾರಿ.

"ನಮ್ಮ ಭಾವ ಬರೆದಿದ್ದು ಸಾರ್. ಅವರು ಟೈರು ಹಾಕಿದ್ರೆ ಬರೆಯದೆ ಬಿಡೋದಿಲ್ಲ," ಅಂದ ಟಪಾಲಿನವ. ಹೇಳುವಾಗ ಹೆಮ್ಮೆಯೇ ಆಯಿತು.

ಅವರು ರುಜು ಹಾಕಿದರು. ಅವನು ಬೆಟ್ಟದ ಕಾಗದಗಳ ಚೀಲವನ್ನು ಬೈಕಿಗೆ ಬಿಗಿದು ಹೊರಟ.