ಬೀರುವಿನಲ್ಲಿದ್ದ ಒಳ್ಳೆಯ ಮಾತು

2025ರ ಜೂನ್ 10, ಮಂಗಳವಾರ, ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ವಿಶ್ವವಿದ್ಯಾಲಯದ ಕುಲಸಚಿವ ಅಮರನಾಥ್ ಕೋಲಾರದ ಠಾಣೆಗೆ ಬಂದರು. ಅವರ ಹಿಂದೆ ಫೈಲು ಹಿಡಿದು ಬಂದವರು ಗೌಪ್ಯ ಶಾಖೆಯ ಅಧೀಕ್ಷಕ ಲಕ್ಷ್ಮೀನಾರಾಯಣ. ಇದೇ ತಿಂಗಳ ಮೂವತ್ತಕ್ಕೆ ಅವರ ನಿವೃತ್ತಿ. ಕುರ್ಚಿ ತೋರಿಸಿದರೂ ಕೂರಲಿಲ್ಲ.

ವಿಷಯ ಇಷ್ಟು. ನೌಕರರ ಕೆಲಸದ ಬಗ್ಗೆ ಮೇಲಧಿಕಾರಿಗಳು ವರ್ಷವರ್ಷ ಬರೆಯುವ ಗೌಪ್ಯ ವರದಿಗಳನ್ನು ಅರಗಿನ ಮುದ್ರೆ ಒತ್ತಿ ಬೀರುವಿನಲ್ಲಿಡುತ್ತಿದ್ದರು. ಹಳೆಯವನ್ನೆಲ್ಲ ಈ ಮೂವತ್ತರಂದು ಸುಡಬೇಕೆಂದು ಆದೇಶವಾಗಿತ್ತು. ಎಣಿಸಿದಾಗ ಇಪ್ಪತ್ನಾಲ್ಕು ಲಕೋಟೆ ಕಡಿಮೆ.

ಇನ್ಸ್‌ಪೆಕ್ಟರ್ ಆಶಾರಾಣಿ ಕೇಳಿದರು. "ಎಣಿಸಿದ್ದು ಯಾರು?"

"ನಾನೇ ಮೇಡಂ," ಅಂದರು ಲಕ್ಷ್ಮೀನಾರಾಯಣ.

"ಸುಡೋ ಕಾಗದ ತಾನೇ, ಹೋದ್ರೆ ಹೋಗ್ಲಿ ಅಂತ ಬಿಡಬಹುದಿತ್ತಲ್ಲ?" ಎಂದು ನಕ್ಕವನು ಹೆಡ್ ಕಾನ್‌ಸ್ಟೆಬಲ್ ಗಂಗಾಧರ್.

ಅಮರನಾಥ್ ನಗಲಿಲ್ಲ. "ಬಿಡ್ತಿದ್ದೆನೇನೋ. ನಿನ್ನೆ ನಮ್ಮ ರಿಟೈರ್ಡ್ ಮಾಲಿ ರಾಮಚಂದ್ರಪ್ಪ ಒಂದು ಬುಟ್ಟಿ ಮಾವಿನಹಣ್ಣು ಹೊತ್ಕೊಂಡು ನನ್ನ ಛೇಂಬರಿಗೇ ಬಂದ. 'ಕಾಗದ ಕಳ್ಸಿದ್ರಲ್ಲ ಸ್ವಾಮಿ, ತುಂಬಾ ಉಪಕಾರ' ಅಂತ ಕೈ ಮುಗ್ದ. ನಾನ್ಯಾವ ಕಾಗದಾನೂ ಕಳ್ಸಿಲ್ಲ! ಗೌಪ್ಯ ಅಂದ್ಮೇಲೆ ಗೌಪ್ಯವಾಗಿರ್ಬೇಕಲ್ವಾ?"

ನೌಕರನೇ ಮಾಡಿದ ಕಳವೆಂದು ನ್ಯಾಯ ಸಂಹಿತೆಯ 306ನೇ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಬೀರುವಿನ ಪಂಚನಾಮೆ ಮುಗಿಯಿತು. ಬೀಗ ಒಡೆದಿರಲಿಲ್ಲ. ಕೀಲಿಕೈ ಕುಲಸಚಿವರ ಮೇಜಿನ ಖಾನೆಯಲ್ಲಿರುತ್ತಿತ್ತು. ಆ ಖಾನೆಗೆ ಬೀಗವೇ ಇರಲಿಲ್ಲ, ಆ ಕೋಣೆಗೆ ಬರುವವರು ಹೋಗುವವರು ದಿನಕ್ಕೆ ಅರವತ್ತು ಜನ.

ಜೂನ್ 11, ಬೆಳಿಗ್ಗೆ 9.15. ಶ್ರೀನಿವಾಸಪುರದ ಮಂಡಿಯ ಹಿಂದಿನ ಬೀದಿಯಲ್ಲಿ ರಾಮಚಂದ್ರಪ್ಪನ ಮನೆ. ಪೊಲೀಸರು ಕೇಳಿದ್ದೇ ತಡ, ದೇವರ ಪಟದ ಹಿಂದಿನಿಂದ ಕಾಗದ ತಂದ. ಕೈಗೆ ಮಾತ್ರ ಕೊಡಲಿಲ್ಲ.

"ಇಲ್ಲಿಂದ್ಲೇ ಓದ್ಕೊಳಿ ಮೇಡಂ."

ಅಚ್ಚು ಮಾಡಿದ ಪತ್ರ, ಸಹಿಯಿಲ್ಲ. 'ಸಂಖ್ಯೆ: 6. ವಿಷಯ: ತಮ್ಮ ಬಗ್ಗೆ ಬರೆದಿರುವ ಒಳ್ಳೆಯ ಮಾತನ್ನು ತಿಳಿಸುವ ಕುರಿತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, 2011ನೇ ಸಾಲಿನ ತಮ್ಮ ವರದಿಯಲ್ಲಿ ಮೇಲಧಿಕಾರಿಗಳು "ಇವರು ನೆಟ್ಟ ಗಿಡ ಒಂದೂ ಸತ್ತಿಲ್ಲ" ಎಂದು ದಾಖಲಿಸಿರುತ್ತಾರೆ. ತಮ್ಮ ಮಾಹಿತಿಗಾಗಿ.'

"ಇದನ್ನ ಜಪ್ತಿ ಮಾಡ್ಬೇಕಾಗುತ್ತೆ ರಾಮಚಂದ್ರಪ್ಪ."

"ಅಯ್ಯೋ, ಎಂಟು ಎಕರೆ ಕ್ಯಾಂಪಸ್ಸಿಗೆ ನೀರು ಹಾಯ್ಸಿದೀನಿ ತಾಯಿ! ಇಪ್ಪತ್ತಾರು ವರ್ಷದಲ್ಲಿ ಒಬ್ರೂ ಒಂದ್ ಒಳ್ಳೇ ಮಾತು ಅಂದಿಲ್ಲ. ಈಗ ಬಂದಿದ್ದನ್ನೂ ಒಯ್ತೀರಾ?"

ಆಶಾರಾಣಿ ಜಪ್ತಿಯ ರಸೀದಿಯಲ್ಲಿ ಪತ್ರದ ಅಷ್ಟೂ ಮಾತನ್ನು ತಾವೇ ಬರೆದು, ಸಹಿ ಮಾಡಿ, ಠಾಣೆಯ ಮೊಹರು ಒತ್ತಿ ಕೊಟ್ಟರು. ರಾಮಚಂದ್ರಪ್ಪ ರಸೀದಿ ತಿರುಗಿಸಿ ಮೊಹರು ನೋಡಿದ. "ಇದೇ ಇನ್ನೂ ವಾಸಿ," ಅಂದವನು ಬಾಗಿಲವರೆಗೆ ಬಂದು ದನಿ ತಗ್ಗಿಸಿದ. "ಪಾಪ, ಇಂಥದ್ದೊಂದು ಕಾಗದ ನಮ್ಮ ಅಟೆಂಡರ್ ಭೀಮರಾಜನ ಕೈ ಸೇರ್ಬೇಕಿತ್ತು. ಒಂದು ಕೆಟ್ಟ ಮೆಮೊ ಬಂತು ಅಂತ ಅದನ್ನ ಸಾಯೋವರ್ಗೂ ಜೇಬಲ್ಲಿಟ್ಕೊಂಡು ತಿರುಗ್ದ."

ಜೀಪಿನಲ್ಲಿ ಗಂಗಾಧರ್ ತಲೆ ಕೆರೆದುಕೊಂಡ. "ಕದ್ದ ಕಾಗದಕ್ಕೆ ಯಾರಾದ್ರೂ ನಂಬರ್ ಹಾಕ್ತಾರಾ ಮೇಡಂ?"

"ನಂಬರ್ ಹಾಕದೆ ಕಾಗದ ಕಳಿಸೋಕೇ ಬರದವರು ಹಾಕ್ತಾರೆ. ಇದು ಆರನೇದು. ಒಂದನೇದು ಯಾರಿಗೆ ಹೋಯ್ತೋ, ಅವರಿಗೋಸ್ಕರವೇ ಇದು ಶುರುವಾಗಿರೋದು. ಆ ಮೆಮೊ ಜೇಬಲ್ಲಿಟ್ಕೊಂಡು ಸತ್ತೋನ ಮನೆಗೇ ಹೋಗಿರಬಹುದು. ಭೀಮರಾಜನ ಮನೆ ಎಲ್ಲಂತೆ?"

ಜೂನ್ 12, ಬೆಳಿಗ್ಗೆ 11 ಗಂಟೆ, ಸುಗಟೂರು. ಭೀಮರಾಜನ ಹೆಂಡತಿ ದೊಡ್ಡಗಂಗಮ್ಮ ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದರು. ಗಂಡ ತೀರಿಹೋಗಿ ಐದು ವರ್ಷ. ಟ್ರಂಕಿನಿಂದ ಎರಡು ಕಾಗದ ತಂದರು. ಒಂದು ಮಡಿಕೆಯಲ್ಲೇ ಹರಿದುಹೋದ 2009ರ ಮೆಮೊ: 'ಕೆಲಸದಲ್ಲಿ ನಿರಾಸಕ್ತಿ.' ಇನ್ನೊಂದು ಹೊಸದು, ಸಂಖ್ಯೆ 1: 'ಇವರ ಕೈಗೆ ಕೊಟ್ಟ ಕೆಲಸವನ್ನು ಮತ್ತೆ ನೋಡಬೇಕಾಗಿಲ್ಲ.' ಅದು 2012ರ ವರದಿಯ ಮಾತು.

"ಇದು ಪೋಸ್ಟಲ್ಲಿ ಬಂತಾ ಅಮ್ಮ?"

"ಇಲ್ಲಮ್ಮ, ಕೈಯಾರೆ ತಂದ್ರು. ನಂಗೆ ಓದಕ್ ಬರಲ್ವಲ್ಲ, ಮೂರು ಸಲ ಓದ್ ಹೇಳಿದ್ರು."

"ಯಾರು?"

"ಅವತ್ತು ಆ ಮೆಮೊ ಕೊಟ್ಟೋರೇ. ಲಕ್ಷ್ಮೀನಾರಾಯಣಪ್ಪನೋರು." ದೊಡ್ಡಗಂಗಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡರು. "ಕಾಫಿ ಕೊಟ್ಟೆ, ಕುಡೀಲಿಲ್ಲ. ಅವರೇ ಅತ್ಬಿಟ್ರು. ಯಾಕಮ್ಮ, ಅವ್ರಿಗೇನಾದ್ರೂ ತೊಂದ್ರೆನಾ?"

ಆಶಾರಾಣಿ ಒಂದು ತಟ್ಟೆ ಸೊಪ್ಪು ಹರಡಲು ಕೈ ಜೋಡಿಸಿ ಎದ್ದರು.

ಜೂನ್ 13, ಶುಕ್ರವಾರ, ಮಧ್ಯಾಹ್ನ 3.30, ಮುಳಬಾಗಿಲು. ಲಕ್ಷ್ಮೀನಾರಾಯಣರ ಮನೆ. ಪಂಚರಾಗಿ ಪಕ್ಕದ ಮನೆಯ ಚಂದ್ರಮೋಹನ್ ಮತ್ತು ಎದುರು ಅಂಗಡಿಯವರು. ಹುಡುಕುವ ಕೆಲಸವೇ ಇರಲಿಲ್ಲ. ಲಕ್ಷ್ಮೀನಾರಾಯಣರೇ ಬಟ್ಟೆಯ ಚೀಲ ತಂದು ಮುಂದಿಟ್ಟರು. ಒಡೆದ ಲಕೋಟೆ ಆರು, ಒಡೆಯದವು ಹದಿನೆಂಟು.

"ಇಪ್ಪತ್ನಾಲ್ಕು, ಸರಿ ಇದೆ ನೋಡಿ," ಅಂದರು.

"ನೀವೇ ಕದ್ದು, ನೀವೇ ಕಡಿಮೆ ಇದೆ ಅಂತ ಬರೆದ್ರಾ?"

"ಸುಳ್ಳು ಲೆಕ್ಕ ಬರೆದು ಅಭ್ಯಾಸ ಇಲ್ಲ ಮೇಡಂ."

"ಯಾಕ್ರೀ ಇದೆಲ್ಲ, ಇನ್ನು ಹದಿನೇಳು ದಿನಕ್ಕೆ ಹಾರ ಹಾಕಿಸ್ಕೊಂಡು ಬರ್ತಿದ್ರಿ," ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿ ಗುಂಡಮ್ಮ ಬಿಕ್ಕಿದರು.

"ನಮ್ಮಲ್ಲಿ ಕೆಟ್ಟದ್ದು ಬರೆದ್ರೆ ಮೆಮೊ ಹೋಗುತ್ತೆ, ಸಹಿ ತಗೋತೀವಿ. ಒಳ್ಳೇದು ಬರೆದ್ರೆ ಬೀರುಗೆ ಹೋಗುತ್ತೆ. ಮೂವತ್ತೆರಡು ವರ್ಷ ನಾನು ಕೆಟ್ಟದ್ದನ್ನ ಮಾತ್ರ ಹಂಚಿದೀನಿ ಮೇಡಂ. ಭೀಮರಾಜ ಪ್ರತಿ ವರ್ಷ ಕೇಳೋನು, 'ಸಾರ್, ಈ ಸಲ ಏನ್ ಬರ್ದವ್ರೆ?' ಅಂತ. ಅರಗು ಒತ್ತೋನು ನಾನೇ, ನಂಗೊತ್ತಿತ್ತು. ಹೇಳ್ಲಿಲ್ಲ. ಸುಡೋ ಆರ್ಡರ್ ಬಂದಾಗ ನನ್ನ ಕೈಯಿಂದ್ಲೇ ಮೆಮೊ ತಗೊಂಡ ಇಪ್ಪತ್ತಮೂರು ಜನರದ್ದು ತಂದೆ."

"ಇಪ್ಪತ್ನಾಲ್ಕನೇದು?"

ಅವರು ಒಂದು ಲಕೋಟೆಯನ್ನು ಮುಂದೆ ಸರಿಸಿದರು. ಆಶಾರಾಣಿ ಲಕೋಟೆ ತಿರುಗಿಸಿದರು. ಮೇಲೆ ಲಕ್ಷ್ಮೀನಾರಾಯಣರದೇ ಹೆಸರು.

"ಒಡೆದಿಲ್ಲ ಯಾಕೆ?"

"ನಂದಕ್ಕೆ ಮೇಲಿನೋರೇ ಅರಗು ಒತ್ತಿದ್ದು, ನಾನೇ ಹೇಗೆ ಒಡೀಲಿ? ಧೈರ್ಯ ಬರ್ಲಿಲ್ಲ."

"ಮಾಲು ಏನಿದೆ ಅಂತ ಪಂಚನಾಮೆಯಲ್ಲಿ ಬರೀಬೇಕಾಗುತ್ತೆ," ಎಂದ ಆಶಾರಾಣಿ ಪಂಚರ ಎದುರಿಗೇ ಅರಗು ಒಡೆದು, ಗಂಗಾಧರ್ ಬರೆದುಕೊಳ್ಳಲೆಂದು ಗಟ್ಟಿಯಾಗಿ, ನಿಧಾನವಾಗಿ ಓದಿದರು. "'ಗುಟ್ಟು ಕಾಪಾಡುವುದರಲ್ಲಿ ಇವರಿಗೆ ಸಮಾನರಿಲ್ಲ.'"

ಮೊದಲು ನಕ್ಕವರು ಚಂದ್ರಮೋಹನ್. ಆಮೇಲೆ ಗುಂಡಮ್ಮ, ಅಳುತ್ತಲೇ. ಲಕ್ಷ್ಮೀನಾರಾಯಣ ಕನ್ನಡಕ ತೆಗೆದು ಕಣ್ಣೊತ್ತಿಕೊಂಡು, "ಇನ್ನೊಂದ್ಸಲ ಓದ್ತೀರಾ ಮೇಡಂ?" ಅಂದರು. ಆಶಾರಾಣಿ ಓದಿದರು.

ಸಂಜೆ 5.10ಕ್ಕೆ ದಸ್ತಗಿರಿ. ಜೀಪು ಹತ್ತುವಾಗ ಅವರು ಕೇಳಿದ್ದು ಒಂದೇ ಮಾತು. "ಉಳಿದ ಹದಿನೇಳು ಕಾಗದಾನ ಮೂವತ್ತಕ್ಕೆ ಸುಟ್ಬಿಡ್ತಾರಾ?"

"ಇನ್ನು ಅದು ಕೋರ್ಟಿನ ಮಾಲು. ಯಾರೂ ಮುಟ್ಟಂಗಿಲ್ಲ," ಅಂದರು ಆಶಾರಾಣಿ. "ಮಾಲು ಯಾರಿಗೆ ಸಂಬಂಧಪಟ್ಟಿದ್ದೋ ಅವರಿಗೆಲ್ಲ ತೋರ್ಸಿ ಹೇಳಿಕೆ ತಗೋಬೇಕು. ತನಿಖೆ ಅಂದ್ರೆ ತನಿಖೆ."

ಆ ದಿನದ ಕೇಸ್ ಡೈರಿಯಲ್ಲಿ ಪ್ರೇರಣೆಯ ಬಗ್ಗೆ ಅವರು ಬರೆದದ್ದು ಇಷ್ಟೇ: 'ಆರೋಪಿಗೆ ಲಾಭದ ಉದ್ದೇಶ ಕಂಡುಬಂದಿಲ್ಲ. ಮೃತ ಸಹೋದ್ಯೋಗಿಗೆ ತಿಳಿಸದೆ ಉಳಿದ ಒಂದು ವಾಕ್ಯ.'

ಸೋಮವಾರ ಬೆಳಿಗ್ಗೆ ಗಂಗಾಧರ್ ಮಾಲೂರಿಗೆ ಹೋದ. ಪಟ್ಟಿಯ ಮೊದಲ ಸಾಕ್ಷಿ, ಗ್ರಂಥಾಲಯದಲ್ಲಿ ಗುಡಿಸಿ ನಿವೃತ್ತರಾದ ಶಾಮಲಮ್ಮ, ಖಾಕಿ ಕಂಡು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಗಾಬ್ರಿ ಆಗ್ಬೇಡಿ ಅಮ್ಮ," ಎಂದ ಗಂಗಾಧರ್ ಟೋಪಿ ತೆಗೆದು ಜಗುಲಿಯ ಮೇಲೆ ಕೂತ. "ನಿಮ್ಮ ಬಗ್ಗೆ ಒಂದು ಕಾಗದ ಇದೆ. ಹಿಂಗ್ ಬನ್ನಿ, ಕೂತ್ಕೊಳಿ. ಓದ್ತೀನಿ."